ಕಲ್ಲಿನ ಆಚೆ ನೆಟ್ಟ ಮರಗಳು

ನಮ್ಮ ಮನೆಯ ಮುಂದೆ ಮೂರು ಸರಕಾರಗಳಿದ್ದವು. ಬಾಗಿಲು ದಾಟಿದರೆ ಸಿಗುವ ಕಾಲುದಾರಿ ನಗರಸಭೆಯದು. ಅದರ ಪಕ್ಕದ ಡಾಂಬರು ರಸ್ತೆ ರಾಜ್ಯದ್ದು. ರಸ್ತೆಯಾಚೆ, ರೈಲು ವ್ಯಾಗನ್ನುಗಳಿಂದ ಕಲ್ಲಿದ್ದಲು ಇಳಿಸುವ ಯಾರ್ಡು ಕೇಂದ್ರದ್ದು. ಧೂಳು ಯಾರ್ಡಿನಲ್ಲಿ ಎದ್ದು, ರಸ್ತೆ ದಾಟಿ, ಕಿಟಕಿಯ ಸಂದಿಯಲ್ಲಿ ನುಗ್ಗಿ ನನ್ನ ಮಗಳ ಎದೆಗೆ ಇಳಿಯುತ್ತಿತ್ತು.

ಅವಳಿಗೆ ಆಗ ಆರೋ ಏಳೋ ವರ್ಷ. ಉಸಿರೆಳೆದಾಗ ಎದೆಯಲ್ಲಿ ಸಣ್ಣ ದನಿ ಕೇಳುತ್ತಿದ್ದುದರಿಂದ ನನ್ನ ತಮ್ಮ ಅವಳನ್ನು ಪಿಟೀಲು ಎಂದು ಕರೆಯುತ್ತಿದ್ದ. ಮಲಗಿದರೆ ಉಸಿರು ಕಟ್ಟುವುದು. ಹಾಗಾಗಿ ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ಬೆಳಗ್ಗೆ ಅವಳ ಕತ್ತಿಗೆ ಬಿಸಿನೀರಿನ ಬಟ್ಟೆ ಹಿಂಡಿ ಇಡುವುದೇ ನನ್ನ ಮೊದಲ ಕೆಲಸ. ಈ ಗಾಳಿ ಬಿಟ್ಟು ಹೋಗಿ ಎಂದಿದ್ದರು ಡಾಕ್ಟರು. ಹೋಗುವುದೆಲ್ಲಿಗೆ? ನನ್ನ ಗಂಡ ಅದೇ ಯಾರ್ಡಿನಲ್ಲಿ ಕ್ರೇನ್ ನಡೆಸುವವರು. ಕರೆ ಬಂದರೆ ಹೊತ್ತುಗೊತ್ತಿಲ್ಲದೆ ಓಡಬೇಕು. ಮಂಡಿ ಹಿಡಿದುಹೋಗಿದ್ದ ಅತ್ತೆಗೆ ಹಾಸಿಗೆಯಿಂದ ಎದ್ದು ಅಡುಗೆಮನೆಗೆ ಬರುವುದೇ ಒಂದು ಪ್ರಯಾಣ.

ನನ್ನ ತಮ್ಮ ನಗರಸಭೆಯ ತೋಟದ ವಿಭಾಗದಲ್ಲಿ ಮೇಲ್ವಿಚಾರಕ. ಕಲ್ಲಿದ್ದಲಿನ ರಾಶಿಗೆ ನೀರು ಹೊಡೆಯಬೇಕು, ಮೇಲೆ ಟಾರ್ಪಾಲು ಹೊದೆಸಬೇಕು ಎಂದು ನಗರಸಭೆ ಒಂದು ನಿಯಮ ಮಾಡಿತು. ಅದನ್ನು ತಿಳಿಸಲು ಹೋದ ತಮ್ಮನಿಗೆ ಯಾರ್ಡಿನ ಸಾಹೇಬರು ಟೀ ಕೊಟ್ಟು, "ನಿಮ್ಮ ನಿಯಮ ಬಹಳ ಚೆನ್ನಾಗಿದೆ ಸ್ವಾಮಿ. ಆದ್ರೆ ನಮ್ಮ ಗೇಟಿನೊಳಗೆ ಬರೋಕೆ ಅದಕ್ಕೆ ಪಾಸಿಲ್ವಲ್ಲ" ಎಂದರಂತೆ.

"ನಿನ್ನ ತಮ್ಮನ ಸರಕಾರಕ್ಕಿಂತ ನನ್ನ ಒದ್ದೆ ಟವಲ್ಲೇ ವಾಸಿ ಕಣೆ. ಅದು ಕಿಟಕಿನಾದ್ರೂ ಮುಚ್ಚುತ್ತೆ" ಎಂದರು ಅತ್ತೆ, ಅವನಿಗೆ ಕೇಳಲಿ ಎಂದೇ.

"ಟವಲ್ಲು ಬೆಳೆಯಲ್ಲ ಅಮ್ಮಾ. ನಾನು ಬೆಳೆಯೋದನ್ನ ತರ್ತೀನಿ" ಎಂದ ತಮ್ಮ.

ಕಾಲುದಾರಿಯಾದರೂ ನಗರಸಭೆಯ ಕೈಯಲ್ಲಿತ್ತು. ಅದರ ಜಾಗದಲ್ಲಿ ಬೆಳೆದ ಮರವನ್ನು ಯಾವ ಸರಕಾರವೂ ಕಡಿಯುವಂತಿಲ್ಲ ಎಂಬ ಕಾನೂನೂ ಇತ್ತು. ಒತ್ತಾಗಿ ಎಲೆ ಬಿಡುವ ಸಸಿಗಳನ್ನು ತಮ್ಮ ಲಾರಿಯಲ್ಲಿ ತಂದ. ಬೀದಿಯ ಹೆಂಗಸರೆಲ್ಲ ಗುಣಿ ತೋಡಲು ನಿಂತೆವು. ಸ್ವಲ್ಪ ಅಗೆದಿದ್ದೆವಷ್ಟೆ, ಗುದ್ದಲಿ ಠಣ್ಣೆಂದಿತು. ಕುಡಿಯುವ ನೀರಿನ ಪೈಪು.

"ನಾಳೆ ಬೇರು ಹೋಗಿ ಇದನ್ನ ಒಡೆದ್ರೆ ಇಡೀ ಬೀದಿಗೆ ನೀರಿರಲ್ಲ. ರಸ್ತೆ ಕಡೆ ಒಂದಿಷ್ಟು ಸರಿಸೋಣ" ಎಂದ ತಮ್ಮ. ಎಲ್ಲರೂ ತಲೆಯಾಡಿಸಿದೆವು. ತೋಡಿದ ಗುಣಿಗಳನ್ನು ಮುಚ್ಚಿ, ಎರಡು ಮೊಳ ಆಚೆ ಹೊಸ ಗುಣಿ ತೋಡಿದೆವು. ನಡುವೆ ಒಂದು ಗಡಿ ಗುರುತಿನ ಕಲ್ಲು ಮಣ್ಣಿನಲ್ಲಿ ಹೂತಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಮರಗಳು ಬೆಳೆದವು. ರಸ್ತೆ ಕಡೆಯ ಎಲೆಗಳು ಕಪ್ಪಗೆ, ಮನೆ ಕಡೆಯವು ಹಸಿರು. ಮಳೆ ಬಂದಾಗ ಬುಡದಲ್ಲಿ ಮಸಿ ನೀರು ಹರಿಯುವುದು. ಕಿಟಕಿ ಒರೆಸಿದ ಬಟ್ಟೆ ವರ್ಷದಿಂದ ವರ್ಷಕ್ಕೆ ಬಿಳುಪಾಯಿತು. ಒಂದು ಬೆಳಗ್ಗೆ ಹಾಲು ಹಿಡಿದು ಕೋಣೆಗೆ ಹೋದರೆ ಮಗಳು ದಿಂಬನ್ನು ಕೆಳಗೆ ಒದ್ದು ಅಂಗಾತ ಮಲಗಿದ್ದಳು, ಬಾಯಿ ತೆರೆದು, ಕೈ ಚಾಚಿ. ಹಾಲಿನ ಮೇಲೆ ಕೆನೆ ಕಟ್ಟುವವರೆಗೂ ನಾನು ಅಲ್ಲೇ ನಿಂತಿದ್ದೆ.

ಆಮೇಲೆ ರಸ್ತೆ ಅಗಲವಾಗುವ ಸುದ್ದಿ ಬಂತು. ಊರಿನ ಗಾಳಿ ಶುದ್ಧವಾಗಲೆಂದು ಕೇಂದ್ರ ಹಣ ಕೊಟ್ಟಿತ್ತು. ಆ ಹಣದಲ್ಲಿ ರಾಜ್ಯ ವಿದ್ಯುತ್ ಬಸ್ಸುಗಳಿಗೆ ಬೇರೆ ದಾರಿ ಮಾಡುತ್ತದಂತೆ. "ಹೊಗೇನೇ ಇಲ್ಲದ ಬಸ್ಸು ಅಕ್ಕಾ!" ಎಂದು ತಮ್ಮ ನನಗಿಂತ ಮೊದಲು ಸಂಭ್ರಮಪಟ್ಟ.

ಅಳತೆಗೆ ಬಂದದ್ದು ರಾಜ್ಯದ ಒಬ್ಬ ಸರ್ವೇಯರ್, ಹೆಂಗಸು. ನನ್ನ ತಮ್ಮ ಒಂದು ಮರಕ್ಕೆ ಒರಗಿ ನಿಂತು, "ಇವು ನಗರಸಭೆ ಮರ ಮೇಡಂ. ಗರಗಸ ತಂದ್ರೆ ಕೇಸು" ಎಂದು ನಕ್ಕ. ಆಕೆಯೂ ನಕ್ಕರು. ಟೇಪು ಹಿಡಿದು ನಡೆದವರು ಒಂದು ಕಡೆ ನಿಂತು ಚಪ್ಪಲಿಯಿಂದ ಮಣ್ಣು ಕೆರೆದರು. ಕಲ್ಲು ಕಂಡಿತು. ಮರಗಳ ಸಾಲು ಅದರ ಆಚೆಗಿತ್ತು, ರಾಜ್ಯದ ಜಾಗದಲ್ಲಿ.

"ಕಲ್ಲಿನ ಒಳಗಿದ್ದಿದ್ರೆ ನಾನೇ ರಸ್ತೆನ ಸುತ್ತಿಸಿ ಒಯ್ತಿದ್ದೆ. ಇಷ್ಟು ಜಾಗ ಇಟ್ಕೊಂಡು ಹೊರಗ್ಯಾಕೆ ನೆಟ್ರಿ?" ಎಂದು ಆಕೆ ನಿಜವಾದ ಬೇಸರದಲ್ಲೇ ಕೇಳಿದರು.

"ಪೈಪು" ಎಂದ ತಮ್ಮ.

ಅವನು ಸುತ್ತದ ಕಚೇರಿ ಇಲ್ಲ. ಮರ ಉಳಿಸಿ ಎಂದು ನಗರಸಭೆ ಗೊತ್ತುವಳಿಯನ್ನೂ ಮಾಡಿತು. ನಕ್ಷೆ ಬದಲಾಯಿಸಿದರೆ ಕೇಂದ್ರದ ಹಣ ವಾಪಸ್ ಹೋಗುತ್ತದೆ ಎಂದಿತು ರಾಜ್ಯ. ಮರಗಳ ವಿಷಯ ಸ್ಥಳೀಯರದು, ನಿಮ್ಮ ನಗರಸಭೆಯನ್ನೇ ಕೇಳಿ ಎಂದಿತು ಕೇಂದ್ರ. "ಹೋದಲ್ಲೆಲ್ಲ ಕುರ್ಚಿ ಕೊಟ್ಟು ಕೂರಿಸಿದ್ರು. ಒಬ್ರೂ ಕೆಟ್ಟೋರಿಲ್ಲ ಅಕ್ಕಾ. ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಿ?" ಎಂದು ಅಡುಗೆಮನೆಯ ನೆಲದಲ್ಲಿ ಕೂತ. ಯಾವಾಗಲೂ ಅವನನ್ನು ಚುಚ್ಚುವ ಅತ್ತೆ ಗೋಡೆ ಹಿಡಿದು ಬಂದು, ಅವನ ತಟ್ಟೆಗೆ ಎರಡನೇ ಸಲ ಅನ್ನ ಬಡಿಸಿದರು.

ಗರಗಸಗಳು ಬಂದ ದಿನ ಬೆಳಗಿನ ಕೆಲಸ ಮುಗಿಯುವಷ್ಟರಲ್ಲಿ ಮರಗಳು ಉರುಳಿದ್ದವು. ಊಟಕ್ಕೆ ಬಂದ ಗಂಡ, "ಇವತ್ತು ಕ್ರೇನ್ ಮೇಲಿಂದ ನಮ್ಮ ಮನೆ ಬಾಗಿಲು ಕಾಣಿಸ್ತು ಕಣೆ" ಎಂದರು.

ಚಳಿಗಾಲ ಬರುವ ಹೊತ್ತಿಗೆ ಮಗಳು ಮತ್ತೆ ಗೋಡೆಗೆ ಒರಗಿದ್ದಳು. ಎರಡು ಸಲ ಆಸ್ಪತ್ರೆಗೆ ಸೇರಿಸಿದೆವು. ತಮ್ಮನ ಮನೆ ಊರಿನ ಇನ್ನೊಂದು ತುದಿಯಲ್ಲಿ, ಗುಡ್ಡದ ಮೇಲೆ. ಅಲ್ಲಿ ಗಾಳಿ ಚೆನ್ನ. "ಮಗೂನ ನನ್ನ ಹತ್ರ ಬಿಡು ಅಕ್ಕಾ" ಎಂದ. ಪಿಟೀಲು ಎನ್ನಲಿಲ್ಲ.

ಮಗಳ ಬಟ್ಟೆ ನಾನು ಮಡಿಸಿಡುತ್ತಿದ್ದರೆ ಅವಳು ಪಕ್ಕದಲ್ಲೇ ಕೂತು ಒಂದೊಂದನ್ನೇ ಚೀಲದಿಂದ ಹೊರಗೆ ತೆಗೆದಿಡುತ್ತಿದ್ದಳು. "ನೀನೂ ಬಾ."

"ಅಜ್ಜಿನ ಯಾರು ನೋಡ್ಕೋತಾರೆ ಕಂದಾ?"

"ಹಾಗಾದ್ರೆ ದಿನಾ ಎದ್ದ ತಕ್ಷಣ ಫೋನ್ ಮಾಡ್ತೀನಿ. ನೀನು ಎತ್ಲೇಬೇಕು."

ಮೊದಮೊದಲು ಬೆಳಕು ಹರಿಯುವ ಮುಂಚೆಯೇ ಫೋನು ಬರುತ್ತಿತ್ತು. ಏದುಸಿರು, ನಡುನಡುವೆ ಅಳು. ನನಗೆ ಅದನ್ನು ಕೇಳಲೂ ಆಗದು, ಬಿಡಲೂ ಆಗದು. ಹೀಗಿರುವಾಗ ಒಂದು ದಿನ ಫೋನು ಬರಲಿಲ್ಲ. ಪಾತ್ರೆ ತೊಳೆದೆ, ಬಟ್ಟೆ ಒಗೆದು ಹರವಿದೆ, ಅತ್ತೆಯ ಮಂಡಿಗೆ ಎಣ್ಣೆ ಹಚ್ಚಿದೆ. ಬಿಸಿಲು ಒಳಗೆ ಬಂತು. ತಡೆಯಲಾರದೆ ನಾನೇ ಮಾಡಿದೆ.

"ಇನ್ನೂ ಮಲಗಿದಾಳೆ ಅಕ್ಕಾ. ದಿಂಬೇ ಇಲ್ದೆ. ಎಬ್ಬಿಸ್ಲಾ?" ಎಂದ ತಮ್ಮ ಪಿಸುದನಿಯಲ್ಲಿ.

"ಬೇಡ. ಮಲಗ್ಲಿ" ಎಂದೆ.

"ಏನಂತೆ ಮಗು?" ಎಂದು ಅತ್ತೆ ಕೋಣೆಯಿಂದ ಕೂಗಿದರು. ಚೆನ್ನಾಗಿದ್ದಾಳಂತೆ ಎಂದೆ. ಅವರಿಗೆ ಕೇಳಿಸಲಿಲ್ಲ. ಕೋಣೆಯ ಬಾಗಿಲಿಗೆ ಹೋಗಿ ಇನ್ನೊಮ್ಮೆ ಹೇಳಬೇಕಾಯಿತು.