ಕಂದು ಕಾಗದದ ಅತ್ತೆ

ಅತ್ತೆಯ ಬಾಯಿಂದ ‘ಚೆನ್ನಾಗಿದೆ’ ಎಂಬ ಒಂದು ಮಾತು ಹೊರಡಿಸುವುದು ಸಾಮಾನ್ಯದ ಕೆಲಸವಲ್ಲ. ಮದುವೆಯಾಗಿ ಈ ಹೊಲಿಗೆ ಅಂಗಡಿಗೆ ಕಾಲಿಟ್ಟಾಗಿನಿಂದ ಸೊಸೆ ಅದಕ್ಕಾಗಿ ಕಾಯುತ್ತಲೇ ಇದ್ದಳು. ತಲೆಗೆ ಬಿಳಿ ಕೂದಲು ಬಂದವು, ಆ ಮಾತು ಮಾತ್ರ ಬರಲಿಲ್ಲ. ಅತ್ತೆ ಜಗಳಗಂಟಿಯೇನೂ ಅಲ್ಲ. ಸೊಸೆಗೆ ಜ್ವರ ಬಂದರೆ ಪಕ್ಕದಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುವವಳೂ ಅವಳೇ. ಆದರೆ ಹೊಗಳುವುದೆಂದರೆ ಗಂಟಿನಿಂದ ಏನೋ ಕಳೆದುಹೋದ ಹಾಗೆ. ಹೊಲಿದ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಎಲ್ಲೋ ಒಂದು ನೂಲಿನ ತುದಿ ಪತ್ತೆ ಹಚ್ಚಿ, ಪಟಕ್ಕನೆ ಕಿತ್ತು, “ಹೂಂ” ಅನ್ನುವಳು. ಅದೇ ಬಿರುದು, ಅದೇ ಬಹುಮಾನ.

ಅಂಗಡಿಯಲ್ಲಿ ಇದ್ದವರು ಮೂವರೇ. ಸೊಸೆಯ ಗಂಡ ಬಟ್ಟೆ ಕತ್ತರಿಸುವವನು. ಗಿರಾಕಿಗಳಿಗೆಲ್ಲ ಅವನು ಮಾಸ್ತರ್. ಸೊಸೆ ಹೊಲಿಯುವವಳು, ಗುಂಡಿಗೆ ಕಾಜಾ ಹಾಕುವವಳು. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ತಪ್ಪು ಹುಡುಕುವವಳು. ಕಣ್ಣಿಗೆ ಪೊರೆ ಬಂದು ಎಲ್ಲ ಮಂಜಾದ ಮೇಲೂ ಆ ಕೆಲಸಕ್ಕೆ ರಜೆಯಿರಲಿಲ್ಲ. ಪ್ರತಿ ಕಾಜಾವನ್ನೂ ಬೆರಳಲ್ಲೇ ಸವರಿ ಪರೀಕ್ಷಿಸುತ್ತಿದ್ದಳು.

ಈಗ ಆ ಪೊರೆ ತೆಗೆಸಲು ಅತ್ತೆ ಮಗಳ ಮನೆಗೆ ಹೋಗಿದ್ದಳು. ವಾಪಸು ಬರುವಾಗ ಕಣ್ಣು ಹೊಸದಾಗಿರುತ್ತದೆ. ಆ ಕಣ್ಣಿಗೆ ಅಂಗಡಿಯಲ್ಲಿ ಮೊಟ್ಟಮೊದಲು ಕಾಣುವುದು ತಾನು ಬರೆದ ಚಿತ್ರವಾಗಬೇಕು, ಅತ್ತೆಯದೇ ಚಿತ್ರ! ಆಗಲಾದರೂ ಆ ಒಂದು ಮಾತು ಬಂದೀತು ಎಂದು ಸೊಸೆ ಮನಸ್ಸಿನಲ್ಲೇ ಮಂಡಿಗೆ ತಿಂದಳು.

ಬಣ್ಣದ ಪೆನ್ಸಿಲ್ಲಿನ ಹುಚ್ಚು ಅವಳಿಗೆ ಹೊಸದೇನಲ್ಲ. ಕೈ ಬಿಡುವಾದಾಗ ಹೂಜಿ, ಬೆಕ್ಕು, ಗಿರಾಕಿಯ ಟೋಪಿ ಎಂದು ಏನಾದರೊಂದು ಗೀಚುತ್ತಿದ್ದಳು. ಆದರೆ ಬಿಳಿ ಹಾಳೆಯ ಮೇಲೆ ಅತ್ತೆಯ ಮುಖ ಬರೆಯಹೋಗಿ ಕೈಸೋತಳು. ಎಷ್ಟು ಬಣ್ಣ ತೀಡಿದರೂ ಸಾಲದು. ತೀಡಿದಷ್ಟೂ ಅತ್ತೆ ಕಾಮಾಲೆ ಹಿಡಿದವಳಂತೆ ಕಾಣತೊಡಗಿದಳು. ಮಾಸ್ತರ್ ಬಗ್ಗಿ ನೋಡಿ, “ಇದ್ಯಾರು, ನಮ್ಮ ಮನೆ ಮಾಲೀಕನಾ?” ಎಂದು ಕೇಳಿದ. ಅವತ್ತು ಅವನಿಗೆ ಚಹಾ ಸಿಗಲಿಲ್ಲ.

ಹಾಳೆಯನ್ನು ಮುದುಡಿ ಎಸೆದು, ಕೋಟಿನ ಕಪ್ಪು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತ ಕೂತಾಗ ಅವಳಿಗೆ ತಟ್ಟನೆ ಹೊಳೆಯಿತು. ಇಲ್ಲಿ ಬಟ್ಟೆಗೆ ಯಾರೂ ಬಣ್ಣ ಹಚ್ಚುವುದಿಲ್ಲವಲ್ಲ, ಬಟ್ಟೆಯೇ ಬಣ್ಣ! ಎದ್ದು ಹೋಗಿ ಅಳತೆಯ ಅಚ್ಚು ತೆಗೆಯುವ ಕಂದು ಕಾಗದದ ಸುರುಳಿಯನ್ನು ಬಿಡಿಸಿದಳು. ಅತ್ತೆಯ ಮೈಬಣ್ಣ ಅದರಲ್ಲಿ ಸಿದ್ಧವಾಗಿಯೇ ಮಲಗಿತ್ತು. ಕೆನ್ನೆಗೆ ಏನೂ ಹಚ್ಚದೆ ಕಾಗದವನ್ನು ಅದರ ಪಾಡಿಗೆ ಬಿಟ್ಟಳು. ಸುಕ್ಕಿಗೆ, ರೆಪ್ಪೆಗೆ, ಶಾಲಿನ ಮಡಿಕೆಗೆ ಕಡುಗಂದು. ತುಟಿಗೆ ಸ್ವಲ್ಪ ಇಟ್ಟಿಗೆ ಕೆಂಪು. ಡಬ್ಬಿಯಲ್ಲಿ ಬಿಳಿ ಪೆನ್ಸಿಲೊಂದು ಮೊನೆ ಸವೆಯದೆ ನಿಂತಿತ್ತು. ಬಿಳಿ ಹಾಳೆಯ ಮೇಲೆ ಅದರಿಂದ ಆಗುವುದಾದರೂ ಏನು ಪಾಪ. ಈಗ ಅದಕ್ಕೆ ಕಾಲ ಬಂತು. ಕೂದಲ ಎಳೆಗೆ, ಮೂಗಿನ ತುದಿಗೆ, ಕಿಟಕಿಯ ಬೆಳಕು ಬೀಳುವ ಕೆನ್ನೆಯ ಏರಿಗೆ ಅದನ್ನು ಎಳೆಯುತ್ತ ಹೋದ ಹಾಗೆ ಅತ್ತೆ ಕಾಗದದೊಳಗಿಂದ ಮೆಲ್ಲಗೆ ಎದ್ದು ಬಂದಳು. ಸುರುಳಿ ಅಗಲವಿದ್ದುದರಿಂದ ಸೊಂಟದವರೆಗೆ ನಿಜವಾದ ಗಾತ್ರದಲ್ಲೇ ಬಂದಳು. ಸೊಸೆಗೆ ಖುಷಿಯಿಂದ ಕೂತಲ್ಲಿ ಕೂರಲಾಗಲಿಲ್ಲ. ಚಿತ್ರದಲ್ಲಿ ಅತ್ತೆಯ ಬೆನ್ನ ಹಿಂದಿನ ಕುರ್ಚಿಯೊಂದು ಮಾತ್ರ ಏಣಿಯ ಹಾಗೆ ಸೊಟ್ಟಗಾಗಿತ್ತು, ಅದಿರಲಿ.

ಅತ್ತೆ ಬರುವ ದಿನ ಬೆಳಿಗ್ಗೆ ಚಿತ್ರವನ್ನು ಕತ್ತರಿಸುವ ಮೇಜಿನ ಮೇಲೆ ಹರಡಿ, ಗೋಡೆಗೆ ಹಚ್ಚಲು ಅಂಟುಪಟ್ಟಿ ತರುತ್ತೇನೆಂದು ಸೊಸೆ ಎದುರಿನ ಅಂಗಡಿಗೆ ಓಡಿದಳು. ಹೊಲಿಗೆ ಅಂಗಡಿಯಲ್ಲೇ ತಲೆ ನರೆತವಳಿಗೂ ಒಂದು ಸಂಗತಿ ಮರೆತುಹೋಗಿತ್ತು. ಆ ಮೇಜಿನ ಮೇಲೆ, ಕಂದು ಕಾಗದದ ಮೇಲೆ, ಗೆರೆ ಇದೆ ಎಂದರೆ ಅದನ್ನು ಕತ್ತರಿಸಬೇಕು ಎಂದೇ ಅರ್ಥ.

ವಾಪಸು ಬಂದಾಗ ಮಾಸ್ತರ್ ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು ಯಾವನೋ ಗಿರಾಕಿಯನ್ನು ಸಮಾಧಾನ ಮಾಡುತ್ತಿದ್ದ. ಕೈಯ ಕತ್ತರಿ ತನ್ನ ಪಾಡಿಗೆ ತಾನು ಅತ್ತೆಯ ಎಡ ಹೆಗಲನ್ನು ಸುತ್ತಿ ಮುಗಿಸುತ್ತಿತ್ತು. ಸೊಸೆ ಕಿಟಾರನೆ ಕಿರುಚಿದಳು.

“ಅಯ್ಯೋ! ಅದು ನಿಮ್ಮಮ್ಮ ಕಣ್ರೀ!”

ಮಾಸ್ತರ್ ಕೆಳಗೆ ನೋಡಿದ. ಫೋನು ದೊಪ್ಪನೆ ಬಿತ್ತು. “ಕೋಟಿನ ಬೆನ್ನು ಅನ್ಕೊಂಡೆ” ಅಂದ, ಮುಖ ಹುಳ್ಳಗೆ ಮಾಡಿಕೊಂಡು.

ಸೊಸೆ ತುಂಡನ್ನು ಎತ್ತಿಕೊಂಡಳು. ಒಂದು ಎಳೆ ಕೂದಲಾದರೂ ತುಂಡಾಗಿದೆಯೇ ಎಂದು ಹುಡುಕಿದಳು. ಇಲ್ಲ. ಅತ್ತೆಯ ಸುತ್ತಲೂ ಗೆರೆಯ ಆಚೆಗೆ ಕಂದು ಅಂಚೊಂದು ಅಚ್ಚುಕಟ್ಟಾಗಿ ಉಳಿದಿತ್ತು.

“ಹೊಲಿಗೆಗೆ ಅಂತ ಅರ್ಧ ಇಂಚು ಬಿಡ್ತೀನಲ್ಲ ಯಾವಾಗ್ಲೂ” ಅಂದ ಮಾಸ್ತರ್, ಕಳ್ಳನ ದನಿಯಲ್ಲಿ.

ಸೊಸೆ ಅಳುವುದೋ ನಗುವುದೋ ತಿಳಿಯದೆ ಕೊನೆಗೆ ನಕ್ಕೇಬಿಟ್ಟಳು. ಕತ್ತರಿಗೆ ಸಿಕ್ಕಿ ಹೋದದ್ದು ಆ ಸೊಟ್ಟ ಕುರ್ಚಿ ಒಂದೇ. ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದಾಯಿತು. ಗೋಡೆಗೆ ಹಚ್ಚಲು ಪುರುಸೊತ್ತಿಲ್ಲ. ಮಾಸ್ತರ್ ಕಾಗದವನ್ನು ಕಸಿದುಕೊಂಡು, ಕಿಟಕಿಯ ಪಕ್ಕದ ನಿಜವಾದ ಕುರ್ಚಿಯ ಬೆನ್ನಿಗೆ ನಾಲ್ಕು ಗುಂಡುಸೂಜಿ ಚುಚ್ಚಿ ನಿಲ್ಲಿಸಿದ. ಅಳತೆ ತೆಗೆದು ಹೊಲಿದ ಹಾಗೆ ಕೂತಿತು.

ಅತ್ತೆ ಮಗಳ ಕೈ ಬಿಡಿಸಿಕೊಂಡು ಹೊಸ್ತಿಲು ದಾಟಿದವಳು ಅಲ್ಲೇ ನಿಂತಳು.

“ಯಾರದು ನನ್ನ ಕುರ್ಚೀಲಿ ಕೂತಿರೋದು?”

ಅತ್ತೆ ಹತ್ತಿರ ಹೋಗಿ ಬಗ್ಗಿದಳು. ಮೊದಲು ಬೆರಳು ಅಂಚನ್ನು ಸವರಿತು. ಆಮೇಲೆ ಹೊಸ ಕಣ್ಣು ಕೂದಲಿಂದ ಗಲ್ಲಕ್ಕೆ ಇಳಿಯಿತು, ನೂಲಿನ ತುದಿ ಹುಡುಕುವ ಹಾಗೆ. ಬೆನ್ನು ನೆಟ್ಟಗೆ ಮಾಡಿ ಸೀದಾ ನಿಲುಗನ್ನಡಿಯ ಮುಂದೆ ಹೋಗಿ ತನ್ನ ಮುಖ ನೋಡಿಕೊಂಡಳು. ತಿರುಗಿ ಬಂದಳು. ಸೊಸೆಯ ಎದೆ ಹೊಲಿಗೆ ಯಂತ್ರದಂತೆ ಓಡುತ್ತಿತ್ತು.

“ಮುಖವೇನೋ ನನ್ನದೇ. ಆದ್ರೆ ಇವಳು ನಗ್ತಿದಾಳೆ” ಅಂದಳು ಅತ್ತೆ. “ನಿನ್ನ ಎದುರಿಗೆ ನಾನು ಯಾವತ್ತು ಹೀಗೆ ನಕ್ಕಿದ್ದೆ?”

“ನನ್ನ ಎದುರಿಗಲ್ಲ. ನನ್ನ ಕಾಜಾ ಸವರಿ ನೋಡುವಾಗ” ಅಂದಳು ಸೊಸೆ. “ಯಾರೂ ನೋಡ್ತಿಲ್ಲ ಅನ್ಕೊಂಡು ಹೀಗೇ ನಗ್ತೀರಿ.”

ಕಳ್ಳಿ ಸಿಕ್ಕಿಬಿದ್ದಿದ್ದಳು. ಅತ್ತೆಯ ಮುಖ ಕಿವಿಯವರೆಗೂ ಕೆಂಪಾಯಿತು. ಶಾಲು ಸರಿಮಾಡಿಕೊಂಡಳು, ಕೆಮ್ಮಿದಳು, ಕಿಟಕಿಯ ಆಚೆ ನೋಡಿದಳು. ಆಮೇಲೆ ಸೊಸೆಯ ಕೈಯನ್ನು ಎತ್ತಿಕೊಂಡು, ಪೆನ್ಸಿಲಿನ ಪುಡಿ ಅಂಟಿದ ಬೆರಳುಗಳನ್ನು ಒಂದೊಂದಾಗಿ ಸವರಿದಳು.

“ಚೆನ್ನಾಗಿದೆ” ಅಂದಳು. “ಇಷ್ಟು ದಿನದ ಕಾಜಾಗಳೂ ಚೆನ್ನಾಗಿದ್ವು. ಸರಿ, ಈಗ ಅವಳನ್ನ ಎಬ್ಬಿಸು, ನನಗೆ ಕಾಲು ನೋಯ್ತಿದೆ.”