ಲೈಸೆನ್ಸಿಲ್ಲದ ಬಾಯಿಗಳು

"ಕಲ್ಲು ಹೊರೋದು ಬೇರೆ, ಕಲ್ಲಿನ ವಿಚಾರ ಮಾತಾಡೋದು ಬೇರೆ. ಅದಕ್ಕೆ ಲೈಸೆನ್ಸ್ ಬೇಕು, ಕಾನೂನಿದೆ. ನಿನ್ನ ಹತ್ರ ಇದೆಯಾ? ಇಳಿ ಕೆಳಗೆ" ಎಂದು ಊರ ಸಭೆಯಲ್ಲಿ ಗಣಿ ಕಂಪನಿಯ ಮ್ಯಾನೇಜರ್ ವಿಲ್ಯರೋಸಾ ಕೂಲಿ ಹೆಂಗಸು ಡೊಮಿಂಗಾಳ ಕೈಯಿಂದ ಮೈಕು ಕಿತ್ತುಕೊಂಡ. ಪಕ್ಕದಲ್ಲಿ ಕೂತಿದ್ದ ಸರ್ಕಾರಿ ಅಧಿಕಾರಿ ಹೊಟ್ಟೆ ಕುಣಿಸಿಕೊಂಡು ನಕ್ಕ.

ಡೊಮಿಂಗಾ ಕೇಳಿದ್ದು ಇಷ್ಟೇ. ಪಾಲಿಡಾನ್ ಊರಿನ ಗುಡ್ಡ ಜರಿಯುತ್ತದೆ, ಜನ ಎದ್ದು ಹೋಗಬೇಕು ಎಂದು ವರದಿಗೆ ಮುದ್ರೆ ಒತ್ತಿದ ಭೂವಿಜ್ಞಾನಿ ಲೆಡೆಸ್ಮಾ ಈ ಗುಡ್ಡಕ್ಕೆ ಕಾಲಿಟ್ಟಿದ್ದು ಯಾವಾಗ? ಅದೇ ಗುಡ್ಡದ ನೆತ್ತಿಯ ಮೇಲಿರುವ ಕಂಪನಿಯ ಅತಿಥಿಗೃಹ ಯಾಕೆ ಜರಿಯುವುದಿಲ್ಲ? ಊರಿನ ಅಡಿಯಲ್ಲಿ ಚಿನ್ನವಿದೆ ಎಂಬುದು ಸುತ್ತಲಿನ ಬೆಂಗೆಟ್ ಬೆಟ್ಟದ ಹಂದಿಮರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಡೊಮಿಂಗಾ ಮತ್ತವಳ ಜೊತೆಯ ಹೆಂಗಸರು ಎಂದಿನಂತೆ ಕಂಪನಿಯ ಶೆಡ್ಡಿಗೆ ಬಂದರು. ನೆಲ ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು ತೊಳೆದು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುವುದು ಅವರ ಕೆಲಸ. ಅವತ್ತು ಯಾರೂ ಕೈ ಹಚ್ಚಲಿಲ್ಲ. ಪೈನ್ ಮರದ ಕೆಳಗೆ ಕೂತು ಕಾಫಿ ಕಾಯಿಸಿದರು.

ಮೇಸ್ತ್ರಿ ಬಾಲ್ದೊ ಓಡಿ ಬಂದ. "ಯಾಕ್ರೇ ಬೇವರ್ಸಿಗಳಾ, ಮದ್ವೆಗೆ ಬಂದಿದೀರಾ?"

"ಕಲ್ಲು ಯಾವ್ದು ಮಣ್ಣು ಯಾವ್ದು ಅಂತ ಗೊತ್ತಾದ್ರಲ್ವೇನಣ್ಣ ಜೋಡ್ಸೋದು? ಅದಕ್ಕೆ ಲೈಸೆನ್ಸ್ ಬೇಕಂತೆ. ನಾವು ಜೈಲಿಗೋದ್ರೆ ಮನೇಲಿ ಹಂದಿಗೆ ಮುಸುರೆ ಹುಯ್ಯೋರ್ಯಾರು?" ಎಂದಳು ಡೊಮಿಂಗಾ, ಗಂಭೀರವಾಗಿಯೇ.

ಮಾತು ಮೇಲಿನ ಕೊರೆಯುವ ಮೆಷಿನ್ನಿನವರೆಗೂ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಗಂಡಸರೂ ಮೆಷಿನ್ ನಿಲ್ಲಿಸಿದರು. ಕೆಳಗೆ ಸಿಕ್ಕಿದ್ದು ಬಂಡೆಯೋ ಕೆಸರೋ ಹೇಳುವ ಯೋಗ್ಯತೆ ತಮಗಿಲ್ಲ, ಯಜಮಾನರೇ ಬಂದು ಹೇಳಲಿ ಎಂದರು. ಬಾಲ್ದೊ ಅವರ ಅಮ್ಮ ಅಕ್ಕಂದಿರನ್ನೆಲ್ಲ ಬಾಯಿಗೆ ತಂದುಕೊಂಡು ಬೈದ. ಆಮೇಲೆ ಅವನಿಗೇ ನಗು ತಡೆಯಲಾಗಲಿಲ್ಲ. ಒಂದು ಲೋಟ ಕಾಫಿ ಇಸಿದುಕೊಂಡು ಅಲ್ಲೇ ಕುಕ್ಕರಿಸಿದ.

ವಿಲ್ಯರೋಸಾ ಎಲ್ಲರನ್ನೂ ಕಿತ್ತುಹಾಕುತ್ತೇನೆಂದ. ಹಾಕಿದ ಕೂಡ. ಆದರೆ ದುಡ್ಡು ಹೂಡುವ ಪರದೇಶಿಗಳು ಅದೇ ವಾರ ಬರುವವರಿದ್ದರು. ಹೊಸ ಆಳುಗಳು ಸುತ್ತಲಿನ ಯಾವ ಊರಿಂದಲೂ ಹೊರಡಲಿಲ್ಲ. ಕೊನೆಗೆ ಜನರ ಬಾಯಿ ಮುಚ್ಚಿಸಲೆಂದು ಲೆಡೆಸ್ಮಾನನ್ನೇ ರಾಜಧಾನಿ ಮನಿಲಾದಿಂದ ಕರೆಸಿದ.

ಲೆಡೆಸ್ಮಾ ವಯಸ್ಸಾದವನು. ಮಿರಿಮಿರಿ ಮಿಂಚುವ ಬೂಟು ಹಾಕಿದ್ದ. ಊರಿನ ದಾರಿ ಹತ್ತುವಷ್ಟರಲ್ಲಿ ಏದುಸಿರು ಬಂದು ಡೊಮಿಂಗಾಳ ಜಗಲಿಯ ಮೇಲೆ ಕುಸಿದು ಕೂತ. ಅವಳು ನೀರು ಕೊಟ್ಟಳು, ಬೇಯಿಸಿದ ಗೆಣಸು ಇಟ್ಟಳು. ಊರೆಲ್ಲ ಸುತ್ತ ನೆರೆದಿತ್ತು.

"ಮುಂಚೆ ಯಾವತ್ತಾದ್ರೂ ಬಂದಿದ್ರಾ ಸ್ವಾಮಿ?"

ಅವನು ಗೆಣಸಿನ ಸಿಪ್ಪೆ ಸುಲಿದ. ಬಂದಿಲ್ಲ ಎಂದ. ಕಂಪನಿಯ ಹುಡುಗರು ನಕ್ಷೆ ನೋಡಿ ಬರೆದಿದ್ದರು, ತಾನು ಮುದ್ರೆ ಒತ್ತಿದ್ದ. ಎಲ್ಲ ಕಡೆ ಹೀಗೇ ನಡೆಯುತ್ತದೆ. ಲೈಸೆನ್ಸ್ ಕೊಡುವ ಮಂಡಳಿಯವರ ಕಿವಿಗೆ ಬಿದ್ದರೆ ಮಾತ್ರ ತನ್ನ ಲೈಸೆನ್ಸ್ ಹೋಗುತ್ತದೆ, ದಯವಿಟ್ಟು ದೊಡ್ಡದು ಮಾಡಬೇಡಿ ಎಂದ.

"ಹೋದ್ರೇನಂತೆ ಬುಡಿ" ಎಂದಳು ಡೊಮಿಂಗಾ. "ನೀವೂ ನಮ್ಮಂಗೇ ಆಯ್ತೀರಿ. ಕಲ್ಲು ಎಡವಿ ಬಿದ್ರೂ ಅದ್ರ ಹೆಸ್ರು ಹೇಳಂಗಿಲ್ಲ."

ನೆರೆದವರು ಬಿದ್ದು ಬಿದ್ದು ನಕ್ಕರು. ಈಗಲಾದರೂ ಗುಡ್ಡ ಹತ್ತಿ ನೋಡಿ, ಇದ್ದದ್ದು ಇದ್ದಂತೆ ಬರೆಯಿರಿ, ಜರಿಯುತ್ತದೆಂದರೆ ನಾವೇ ಗಂಟು ಕಟ್ಟುತ್ತೇವೆ ಎಂದು ಅವಳು ಕೇಳಿಕೊಂಡಳು. ಅವನು ಒಮ್ಮೆ ಮೇಲೆ ನೋಡಿದ. ಮತ್ತೆ ಕೆಳಗೆ ರಸ್ತೆಯಲ್ಲಿ ಹಾರನ್ ಹೊಡೆಯುತ್ತಿದ್ದ ವಿಲ್ಯರೋಸಾನ ಕಾರು ನೋಡಿದ. ಬೂಟಿನ ಕೆಸರು ಕೊಡವಿಕೊಂಡು ಇಳಿದು ಹೋದ.

ಅದೇ ವಾರ ಊರಿನವರು ಜೀಪ್‌ನಿ ಎಂಬ ಉದ್ದನೆಯ ಬಾಡಿಗೆ ಜೀಪಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು, ದಾರಿಯುದ್ದಕ್ಕೂ ಹಾಡಿಕೊಂಡು, ಲೆಡೆಸ್ಮಾನ ಮೇಲೆ ದೂರು ಕೊಡಲು ಮನಿಲಾಕ್ಕೆ ಹೋದರು. ಲೈಸೆನ್ಸ್ ಮಂಡಳಿಯ ಕಚೇರಿಯ ತಣ್ಣನೆಯ ಹಜಾರದಲ್ಲಿ ಕಾವಲಿನವನು, ಮೊದಲೇ ಹೇಳಿ ಬರದವರನ್ನು ಒಳಗೆ ಬಿಡುವುದಿಲ್ಲ ಎಂದ. ಸರಿ ಎಂದು ಎಲ್ಲರೂ ಅಲ್ಲೇ ನೆಲದ ಮೇಲೆ ಕೂತು ಬುತ್ತಿ ಬಿಚ್ಚಿದರು. ಉಪ್ಪು ಹಚ್ಚಿ ಹೊಗೆಗೆ ಒಣಗಿಸಿದ ಹಂದಿಮಾಂಸದ ಘಾಟು ಮಹಡಿಯವರೆಗೂ ಏರಿತು.

ಒಳಗಿನ ಬಾಗಿಲು ತೆರೆಯಿತು. ಟೈ ಕಟ್ಟಿದವನೊಬ್ಬ ಮೂಗಿಗೆ ಕರವಸ್ತ್ರ ಹಿಡಿದು ಇಣುಕಿ, ಇದೇನು ವಾಸನೆ, ಯಾರು ನೀವೆಲ್ಲ ಎಂದು ಕೇಳಿದ.

ಡೊಮಿಂಗಾ ಕೈ ಒರೆಸಿಕೊಂಡು, ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

"ಕೂತ್ಕಳಿ ಸ್ವಾಮಿ, ಎಲ್ಲಾ ಹೇಳ್ತೀವಿ. ಹೊತ್ತಾಯ್ತದೆ. ಮೊದ್ಲು ಒಂದ್ ತುಂಡು ತಿನ್ನಿ."