ಬಾಗಿಲಿಗೆ ಬಂದ ಯೋಚನೆ

ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಗಾಜು ಕತ್ತರಿಸುವುದು ಅವಳ ಕೆಲಸ. ಬೀದಿಯವರೆಲ್ಲ ಗಾಜಕ್ಕ ಎಂದೇ ಕರೆಯುತ್ತಿದ್ದರು. ಪಳಗಿದ ಕೈ, ಗೀರು ಎಳೆದು ಮೇಜಿನಂಚಿಗಿಟ್ಟು ಒತ್ತಿದರೆ ಗಾಜು ಹೇಳಿದ ಮಾತು ಕೇಳುತ್ತಿತ್ತು. ಅಂಥವಳು ಒಂದು ದಿನ ತನ್ನ ಹೆಬ್ಬೆರಳನ್ನೇ ಸೀಳಿಕೊಂಡಳು.

ಹೊಲಿಗೆ ಹಾಕಿದ ನರ್ಸು ಬಾಯಿಜೋರಿನ ಹೆಂಗಸು. "ಕೈ ಇಲ್ಲಿ, ಮನಸ್ಸು ಎಲ್ಲೋ ಮೇಯೋಕೆ ಹೋಗಿತ್ತು, ಅಲ್ವಾ?" ಎಂದಳು. "ಬೆಳಿಗ್ಗೆ ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ಳಿ. ಯಾವ ಯೋಚನೆ ಬಂದ್ರೂ ಬರ್ಲಿ. ಓಡಿಸ್ಬೇಡಿ, ಅದರ ಹಿಂದೆನೂ ಹೋಗ್ಬೇಡಿ. ಬಂತು ಅಂತ ನೋಡಿ, ಅಷ್ಟೇ."

ಹೇಳಿದಷ್ಟು ಸುಲಭವಿರಲಿಲ್ಲ ಅದು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದ್ದೇ ತಡ, ತಲೆಯೊಳಗೆ ಸಂತೆ ನೆರೆಯುತ್ತಿತ್ತು. ನಲ್ಲಿ ಸೋರುತ್ತಿದೆ, ಗಂಡ ಈ ವಾರವೂ ಕೆಲಸದ ಮೇಲೆ ಪರವೂರಿನಲ್ಲೇ ಉಳಿದಿದ್ದಾನೆ, ಅತ್ತೆಯ ಹಾಸಿಗೆ ಬದಲಿಸಬೇಕು, ಮೂಗು ತುರಿಸುತ್ತಿದೆ. ಕಾಲು ತಾನಾಗಿಯೇ ಕುಣಿಯುತ್ತಿತ್ತು. ಸೊಂಟ ಮುರಿದು ಮಲಗಿದ್ದ ಅತ್ತೆ ಕೋಣೆಯಿಂದಲೇ ಕೂಗುತ್ತಿದ್ದರು: "ಏನೇ, ಕೂತಲ್ಲೇ ಸನ್ಯಾಸ ತಗೊಂಡ್ಯಾ?"

ಹೀಗಿರುವಾಗ ಒಂದು ಬೆಳಿಗ್ಗೆ ಆ ಗದ್ದಲದ ನಡುವೆಯೇ ಇನ್ನೊಂದು ಯೋಚನೆ ಬಂದು ನಿಂತಿತು: ಈ ಮುದುಕಿ ಸತ್ತರೆ ಸಾಕು.

ಗಾಜಕ್ಕ ಬೆಚ್ಚಿ ಎದ್ದುಬಿಟ್ಟಳು. ಯೋಚನೆ ಹೊಸದಲ್ಲ ಎಂಬುದೇ ಅವಳನ್ನು ಹೆಚ್ಚು ಹೆದರಿಸಿತು. ಬೆರಳು ಸೀಳಿಕೊಂಡಾಗಲೂ ಮನಸ್ಸಿನಲ್ಲಿ ಇದೇ ಇತ್ತು.

ಮರುದಿನದಿಂದ ಕೂರುವುದನ್ನು ಬಿಟ್ಟಳು. ಆದರೆ ಯೋಚನೆ ಅವಳನ್ನು ಬಿಡಲಿಲ್ಲ. ಅತ್ತೆಗೆ ತಲೆ ಬಾಚುವಾಗ ಬಂತು, ಮಾತ್ರೆ ಬಿಡಿಸುವಾಗಲೂ ಬಂತು. ಅದರ ಬಾಯಿ ಮುಚ್ಚಿಸಲೆಂದು ಅವಳು ಇನ್ನೊಂದು ದಿಂಬು ತಂದಿಟ್ಟಳು, ಕೇಳದೆಯೇ ಕಾಲೊತ್ತಿದಳು, ಮಾತುಮಾತಿಗೂ ನಕ್ಕಳು.

"ಏನಾಗಿದೆ ನಿಂಗೆ?" ಎಂದರು ಅತ್ತೆ. "ಇಷ್ಟು ಸಕ್ಕರೆ ಸುರಿದ್ರೆ ಇರುವೆ ಮುತ್ತುತ್ತೆ."

ಒದ್ದೆ ಬಟ್ಟೆ ಹಿಂಡುತ್ತಿದ್ದ ಗಾಜಕ್ಕ ಗೋಡೆಗೆ ಮುಖ ಮಾಡಿಕೊಂಡೇ ಎಲ್ಲ ಹೇಳಿಬಿಟ್ಟಳು.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನೀನು ಧಡಧಡ ಓಡಾಡೋ ಸದ್ದು ಕೇಳಿದಾಗೆಲ್ಲ ನಂಗೂ ಒಂದು ಬರುತ್ತೆ ಕಣೇ," ಎಂದರು. "ಇವಳೂ ಜಾರಿ ಬಿದ್ದು ಸೊಂಟ ಮುರ್ಕೋಬಾರ್ದಾ ಅಂತ."

"ನನ್ನ ಸೊಂಟಾನಾ?" ಗಾಜಕ್ಕ ಸರ್ರನೆ ತಿರುಗಿದಳು. "ಆಮೇಲೆ ನಿಮ್ಮನ್ನ ಯಾರು ಎತ್ತಿ ಕೂರಿಸ್ತಿದ್ರು?"

"ಅಷ್ಟು ದೂರ ಯೋಚನೆ ಮಾಡಿರ್ಲಿಲ್ಲ."

ಗಾಜಕ್ಕನಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಅತ್ತೆ ಅವಳ ಗಾಯದ ಕೈ ಹಿಡಿದುಕೊಂಡರು. "ನಾನು ಸಾಯೋದೂ ಬೇಡ, ನೀನು ಬೀಳೋದೂ ಬೇಡ. ನಿನ್ನ ಗಂಡನಿಗೆ ಫೋನ್ ಮಾಡು. ನೀನೊಬ್ಳೇ ಎಷ್ಟು ಅಂತ ಹೊರ್ತೀಯಾ?"

ಗಾಜಕ್ಕ ಫೋನ್ ಮಾಡಿದಳು. "ರೀ, ನನ್ನೊಬ್ಳ ಕೈಲಿ ಆಗ್ತಿಲ್ಲ. ಇನ್ಮೇಲೆ ಒಂದು ವಾರ ನಾನು, ಒಂದು ವಾರ ನೀವು."

ಆ ಕಡೆಯಿಂದ ಕೆಲಸ, ರಜೆ, ಮೇಲಿನವರು ಎಂಬ ರಾಗ ಶುರುವಾಯಿತು. ಅತ್ತೆ ಹಾಸಿಗೆಯಿಂದಲೇ ಗದರಿದರು: "ಹೆತ್ತವಳು ನಾನು, ಹೊರೋದು ಇವಳೊಬ್ಳೇನಾ? ಸುಮ್ನೆ ಬಾರೋ!"

ವಾರದ ಕೊನೆಗೆ ಅವನು ಹೆಗಲಿಗೆ ಚೀಲ ತೂಗಿಹಾಕಿಕೊಂಡು ಬಂದ, ಮುಖ ಇಷ್ಟುದ್ದ ಮಾಡಿಕೊಂಡು. ತಾಯಿಯನ್ನು ಮಗ್ಗುಲಾಗಿಸುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ, ಗಾಜಕ್ಕ ತೋರಿಸಿಕೊಟ್ಟಳು. ಆ ಯೋಚನೆ ಆಗಲೂ ಒಮ್ಮೆ ಇಣುಕಿತು. ಇಣುಕಿದ್ದನ್ನು ಅವಳು ಕಂಡಳು, ಓಡಿಸಲು ಹೋಗದೆ ಅತ್ತೆಯ ಬೆನ್ನಿಗೆ ದಿಂಬು ಆನಿಸಿದಳು.